ನಾಲ್ಕನೇ ಮಹಡಿಯ ಸಮುದ್ರ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅದರ ಮೇಲೆ ನಾಲ್ಕು ಮಹಡಿ ಹತ್ತಿದರೆ ನಮ್ಮ ಮನೆ. ಇಂಥ ಜಾಗದಲ್ಲಿ ಸಮುದ್ರ ಸಾಕಬೇಕೆಂದು ತಲೆ ನೆಟ್ಟಗಿರುವ ಯಾರಿಗೂ ಅನ್ನಿಸುವುದಿಲ್ಲ. ನನಗೆ ಅನ್ನಿಸಿತು. "ಇರಲಾರದೆ ಇರುವೆ ಬಿಟ್ಟುಕೊಂಡ" ಎಂದಳು ಅಮ್ಮ. ನಾನು ಬಿಟ್ಟುಕೊಂಡದ್ದು ನಕ್ಷತ್ರಮೀನು.

ಮೊದಲು ಉಪ್ಪಿನ ರಾಮಾಯಣ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನನ್ನ ತೊಟ್ಟಿ 200 ಲೀಟರಿನದು. ಅಲ್ಲಿಗೆ ಏಳು ಕೆ.ಜಿ. "ಏಳು ಕೆ.ಜಿ. ಉಪ್ಪಿದ್ದರೆ ಇಡೀ ಬೀದಿಗೆ ಮಾವಿನಮಿಡಿ ಹಾಕಿಕೊಡ್ತಿದ್ದೆ" ಎಂದು ಅಮ್ಮ ನಿಟ್ಟುಸಿರಿಟ್ಟಳು. ಅಡುಗೆಮನೆಯ ಉಪ್ಪಾದರೂ ಆಗುತ್ತದೆಯೇ ಎಂದರೆ ಇಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಲೆಕ್ಕವಾಗಿ ಬೆರೆತ ಅಕ್ವೇರಿಯಂ ಉಪ್ಪೇ ಬೇಕು. ಅದರ ಬೆಲೆಯನ್ನು ಇಲ್ಲಿ ಬರೆಯಲಾರೆ, ನನ್ನ ಹೆಂಡತಿ ಈ ಪತ್ರಿಕೆ ಓದುತ್ತಾಳೆ.

ಉಪ್ಪು ಕಲಸಲು ನಲ್ಲಿ ನೀರು ಸಲ್ಲ, ಆರ್‌ಒ ನೀರೇ ಆಗಬೇಕು. ಆರ್‌ಒ ಯಂತ್ರವೋ, ಒಂದು ಬಕೆಟ್ ಕೊಡುವುದಕ್ಕೆ ಹಲವು ಬಕೆಟ್ ಹೊರಗೆ ಉಗುಳುತ್ತದೆ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಸಾರಿದರು. ಮನೆಯಲ್ಲಿ ಸಮುದ್ರ ತಯಾರಿಸಬಾರದು ಎಂದು ಯಾರೂ ಸಾರಲಿಲ್ಲ. ಆದರೂ ಟ್ಯಾಂಕರ್ ಮುಂದೆ ಬಿಂದಿಗೆ ಹಿಡಿದು ನಿಂತವರ ಪಕ್ಕದಲ್ಲಿ ಕ್ಯಾನು ಹೊತ್ತು ಮೆಟ್ಟಿಲು ಹತ್ತುವಾಗ ನಾನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಯಂತ್ರ ಉಗುಳಿದ ನೀರಿನಲ್ಲೇ ನೆಲ ಒರೆಸಿ, ಪಾತ್ರೆ ತೊಳೆದು ಪಾಪ ಕಳೆದುಕೊಂಡೆವು.

ನೀರು ತುಂಬಿಸಿದ ಕೂಡಲೇ ಜೀವ ಬಿಡುವಂತೆಯೂ ಇಲ್ಲ. ಅಮೋನಿಯಾವನ್ನು ನೈಟ್ರೈಟ್ ಮಾಡುವ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಮೊದಲು ಕಲ್ಲು ಮರಳಿನಲ್ಲಿ ಬಿಡಾರ ಹೂಡಬೇಕು. ಅದಕ್ಕೆ ವಾರಗಟ್ಟಲೆ ಕಾಯಬೇಕು, ನಕ್ಷತ್ರಮೀನಿಗಾದರೆ ತಿಂಗಳುಗಟ್ಟಲೆ. ಅಷ್ಟೂ ಕಾಲ ಮನೆಗೆ ಬಂದವರಿಗೆಲ್ಲ ದೀಪ ಹಾಕಿ ಬರೀ ಉಪ್ಪುನೀರು ತೋರಿಸಿದೆ.

"ಏನಿದೆ ಇದರಲ್ಲಿ?"

"ಬ್ಯಾಕ್ಟೀರಿಯಾ."

ಕಾಫಿ ಬೇಡವೆಂದು ಎದ್ದು ಹೋದವರಿದ್ದಾರೆ.

ಕೊನೆಗೂ ಬಂದ ಅತಿಥಿ ಚಾಕೊಲೇಟ್ ಚಿಪ್ ಸ್ಟಾರ್ ಜಾತಿಯವನು. ಬಿಸ್ಕತ್ತಿನ ಬಣ್ಣದ ಮೈ, ಬೆನ್ನ ಮೇಲೆ ಕಂದುಗಪ್ಪು ಮೊನೆಗಳು. ಐದು ತೋಳಿದ್ದದ್ದರಿಂದ ಮಗಳು ಪಂಚಪ್ಪ ಎಂದು ಹೆಸರಿಟ್ಟಳು. ಪಂಚಪ್ಪನಿಗೆ ಮೆದುಳಿಲ್ಲ, ರಕ್ತವೂ ಇಲ್ಲ. ಕಾಲಾಡಿಸುವುದಕ್ಕೂ ಅವನ ಮೈಯೊಳಗಿನ ಕೊಳವೆಗಳಲ್ಲಿ ಸಮುದ್ರದ ನೀರೇ ಓಡಾಡಬೇಕು. ಹಾಗಾಗಿ ಉಪ್ಪಿನಂಶ ಏಕಾಏಕಿ ಬದಲಾದರೆ ತಡೆಯಲಾರ. ಸಣ್ಣ ಪೈಪಿಗೆ ಗಂಟು ಹಾಕಿ, ತೊಟ್ಟಿಯ ನೀರನ್ನು ಹನಿಹನಿಯಾಗಿ ಅವನ ಬಕೆಟ್ಟಿಗೆ ಇಳಿಸುತ್ತ ಗಂಟೆಗಟ್ಟಲೆ ಕೂತಿದ್ದೆ. "ನಮ್ಮಪ್ಪನಿಗೆ ಡ್ರಿಪ್ ಹಾಕಿದಾಗ ನೀವು ಹತ್ತು ನಿಮಿಷ ಕೂತಿರಲಿಲ್ಲ" ಎಂದಳು ಹೆಂಡತಿ. ಅವನ ನೀರು 25 ಡಿಗ್ರಿಯ ಆಸುಪಾಸಿನಲ್ಲೇ ಇರಬೇಕೆಂದು ಚಿಲ್ಲರ್ ಬಂತು. ನಮಗೆ ಫ್ಯಾನೇ. ಊಟಕ್ಕೆ ವಾರಕ್ಕೆರಡು ಮೂರು ಸಲ ಉಗುರಿನಷ್ಟು ಸೀಗಡಿಯ ಚೂರು, ಚಿಮಟದಲ್ಲಿ ಹಿಡಿದು ತೋಳಿನಡಿ ಇಟ್ಟರಾಯಿತು. ಅವನು ಹೊಟ್ಟೆಯನ್ನೇ ಬಾಯಿಂದ ಹೊರಗೆ ಚಾಚಿ, ತುತ್ತಿನ ಮೇಲೆ ಹೊದಿಸಿ ಅರಗಿಸಿಕೊಳ್ಳುತ್ತಾನೆ. ಈರುಳ್ಳಿಯೂ ಬಾರದ ನಮ್ಮ ಮನೆಗೆ ಸೀಗಡಿ ಬಂದ ಬಗೆಯನ್ನು, ಅದಕ್ಕಾಗಿ ಬಾಲ್ಕನಿಯಲ್ಲಿ ಬೇರೆ ಫ್ರಿಜ್ಜು ಕೂತ ಬಗೆಯನ್ನು ಇಲ್ಲಿಗೆ ಬಿಡುತ್ತೇನೆ.

ಸೋದರಮಾವ ಮತ್ತು ಅತ್ತೆ ತಮ್ಮ ಮಗಳ ಮದುವೆಗೆ ಕರೆಯಲು ಬಂದ ಭಾನುವಾರವನ್ನು ಮಾತ್ರ ಬಿಡಲಾರೆ. ಗಾಜು ಹತ್ತಿ ನೀರಿನ ಅಂಚಿನವರೆಗೆ ಹೋಗಿದ್ದ ಪಂಚಪ್ಪ, ಮಾವ ಲಗ್ನಪತ್ರಿಕೆಗೆ ಅರಿಶಿನ ಹಚ್ಚುವ ಹೊತ್ತಿಗೆ ಹಿಡಿತ ತಪ್ಪಿ ಮರಳಿನ ಮೇಲೆ ಅಂಗಾತ ಬಿದ್ದ. ನೂರಾರು ಕೊಳವೆಗಾಲುಗಳು ಮೇಲ್ಮುಖವಾಗಿ ತಡಕಾಡತೊಡಗಿದವು.

"ಹೋಯ್ತು" ಎಂದರು ಮಾವ.

"ಇಲ್ಲ ಮಾವ, ಈಗ ನೋಡಿ" ಎಂದೆ. ನಕ್ಷತ್ರಮೀನಿಗೆ ನಾಡಿ ನೋಡುವುದೆಂದರೆ ಇದೇ. ಅಂಗಾತ ಬಿದ್ದದ್ದು ತಾನಾಗಿ ಮಗುಚಿಕೊಂಡರೆ ಗಟ್ಟಿಮುಟ್ಟಾಗಿದೆ, ಸುಮ್ಮನೆ ಬಿದ್ದಿದ್ದರೆ ಯೋಚನೆ ಮಾಡಬೇಕು. ಎಲ್ಲರೂ ಕುರ್ಚಿ ಎಳೆದುಕೊಂಡರು.

ತೊಂದರೆಯೆಂದರೆ ಮೆದುಳಿಲ್ಲದ ಮೈಯಲ್ಲಿ ಯಜಮಾನಿಕೆ ಯಾರದೆಂದು ಮೊದಲೇ ತೀರ್ಮಾನವಾಗಿರುವುದಿಲ್ಲ. ಬಾಯಿಯ ಸುತ್ತ ನರದ ಒಂದು ಬಳೆ, ತೋಳಿಗೊಂದು ನರ, ಇಷ್ಟೇ. ಸಂಪು ತೊಳೆಸುವ ವಿಷಯಕ್ಕೆ ಸೇರಿದ ನಮ್ಮ ಅಪಾರ್ಟ್‌ಮೆಂಟ್ ಸಂಘದ ಸಭೆಯಂತೆ ಕಲಾಪ ಶುರುವಾಯಿತು. ಒಂದನೆಯ ತೋಳು ತುದಿ ತಿರುಚಿ ಮರಳನ್ನು ಕಚ್ಚಿತು. ಎದುರಿನದು ತನ್ನ ಕಡೆಯ ಮರಳನ್ನು ಕಚ್ಚಿತು. ಎರಡೂ ಎಳೆದವು. ಮೂರನೆಯದು ಒಂದನೆಯದಕ್ಕೆ ಬೆಂಬಲ ಘೋಷಿಸಿ, ಸ್ವಲ್ಪ ಹೊತ್ತಿನಲ್ಲೇ ವಾಪಸು ತೆಗೆದುಕೊಂಡಿತು. ನಾಲ್ಕನೆಯದು ಸಭೆಗೆ ಬಂದಿದ್ದೇ ಕೈ ಎತ್ತುವುದಕ್ಕೆ. ಐದನೆಯದು ಯಾರ ಪರವೂ ಬಾಯಿ ಬಿಡಲಿಲ್ಲ, ಅದು ಖಜಾಂಚಿ ಇರಬೇಕು. ಅತ್ತೆಯ ಕಾಫಿ ಆರಿತು.

ಅಷ್ಟರಲ್ಲಿ ದೇವರಮನೆಯಿಂದ ಅಮ್ಮ ಬಂದಳು. ಒಂದು ಕೈಯಲ್ಲಿ ಅಪ್ಪ ಕಾಶಿಯಿಂದ ತಂದಿದ್ದ ಗಂಗೆಯ ತಾಮ್ರದ ಗಿಂಡಿ, ಇನ್ನೊಂದರಲ್ಲಿ ತಾಮ್ರದ್ದೇ ಉದ್ಧರಣೆ. ಯಾರಿಗೆ ಕಾದಿರಿಸಿದ್ದಳೋ, ಅಂತೂ ಇವತ್ತು ಬೆಸುಗೆ ಒಡೆದಿದ್ದಳು. ಹೋಗುವ ಜೀವಕ್ಕೆ ಒಂದು ಉದ್ಧರಣೆ ಗಂಗೆ ಬಿಡಬೇಕು, ಅದಕ್ಕೆ ಜಾತಿ ಯಾಕೆ, ಅನ್ನುವುದು ಅವಳ ಸಿದ್ಧಾಂತ. ನನಗೋ ಎದೆ ಧಸಕ್ಕೆಂದಿತು. ಮೀನಿನ ಪರೋಪಜೀವಿಗಳನ್ನು ಕೊಲ್ಲಲು ತಾಮ್ರದ ಔಷಧ ಹಾಕುವುದುಂಟು, ಆದರೆ ಬೆನ್ನುಮೂಳೆಯಿಲ್ಲದ ಕಡಲಜೀವಿಗಳಿಗೆ ತಾಮ್ರ ಸಾಕ್ಷಾತ್ ಯಮ. ಕಲ್ಲಿಗೆ ಒಮ್ಮೆ ಹಿಡಿದರೆ ಸುಲಭವಾಗಿ ಬಿಡುವುದೂ ಇಲ್ಲ. ಇದೋ, ವರ್ಷಗಟ್ಟಲೆ ತಾಮ್ರದಲ್ಲೇ ನೆನೆದ ನೀರು!

"ಅಮ್ಮಾ, ತಾಮ್ರ!" ಎಂದು ಕೂಗಿ ಅವಳ ಮಣಿಕಟ್ಟು ಹಿಡಿದೆ.

"ಸಾಯೋ ಜೀವಕ್ಕೆ ಗಂಗೆ ಬೇಡ ಅಂತೀಯೇನೋ?" ಎಂದು ಮಾವ ಎದ್ದು ನಿಂತರು.

ಅಮ್ಮನ ಕೈ ತೊಟ್ಟಿಯ ಮೇಲೆಯೇ ಇತ್ತು. ಉದ್ಧರಣೆಯ ತುಟಿಯಲ್ಲಿ ಒಂದು ಹನಿ ಊದಿಕೊಳ್ಳುತ್ತ, ತೂಗುತ್ತ, ಬೀಳಲೋ ಬೇಡವೋ ಎನ್ನುತ್ತಿತ್ತು. ನಾನು ಇನ್ನೊಂದು ಅಂಗೈಯನ್ನು ಅದರ ಕೆಳಗೆ ಒಡ್ಡಿದೆ. ಬಿತ್ತು. ಈಗ ಅದನ್ನೇನು ಮಾಡುವುದು? ಪ್ಯಾಂಟಿಗೆ ಒರೆಸಿಕೊಳ್ಳಲು ಹೊರಟವನನ್ನು ಅಮ್ಮ ಕಣ್ಣಲ್ಲೇ ತಡೆದಳು. ಗಂಗೆಯನ್ನು ಚೆಲ್ಲುವಂತಿಲ್ಲ, ತೊಟ್ಟಿಗೆ ಬಿಡುವಂತಿಲ್ಲ. ಎಲ್ಲರೂ ನೋಡುತ್ತಿದ್ದಂತೆ ನಾನೇ ಕುಡಿದೆ.

"ಅಯ್ಯೋ, ಲಗ್ನಪತ್ರಿಕೆ ಕೊಡೋ ಹೊತ್ತಲ್ಲಿ!" ಎಂದು ಅತ್ತೆ ಬಾಯಿಗೆ ಸೆರಗು ಹಿಡಿದರು.

ಈ ಗಲಾಟೆಯಲ್ಲಿ ಪಂಚಪ್ಪ ಯಾವಾಗ ಮಗುಚಿಕೊಂಡನೋ ಒಬ್ಬರೂ ನೋಡಲಿಲ್ಲ. ತಿರುಗಿದಾಗ ಏನೂ ಆಗದವನಂತೆ ಕಲ್ಲಿನ ಕಡೆ ಸಾಗುತ್ತಿದ್ದ. "ಗಂಗೆ ಹತ್ತಿರ ಬಂದದ್ದಕ್ಕೇ ಎದ್ದ" ಎಂದು ಅಮ್ಮ ಈಗಲೂ ಎಲ್ಲರಿಗೂ ಹೇಳುತ್ತಾಳೆ.

ನಗು ಬರದ ಮಾತೊಂದಿದೆ. "ಏನೂ ಹಾಕ್ಬೇಡಿ ಸಾರ್, ಗಾಜಿನ ಪಾಚಿ ತಿನ್ಕೊಂಡಿರುತ್ತೆ" ಎಂದು ಹೇಳಿ ನಕ್ಷತ್ರಮೀನು ಮಾರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನೀಲಿ ಲಿಂಕಿಯಾ ಎಂಬುದೊಂದಿದೆ, ನೋಡಿದವರು ಬಿಡಲಾರರು, ಅಷ್ಟು ಚೆಂದ. ಅದಕ್ಕೆ ಬೇಕಾದದ್ದು ಹಳೆಯ ಕಲ್ಲುಗಳ ಮೇಲೆ ಬೆಳೆಯುವ ತೆಳುಪದರ, ಅದೂ ದೊಡ್ಡ ತೊಟ್ಟಿಯ ತುಂಬ. ಸಣ್ಣ ತೊಟ್ಟಿಯಲ್ಲಿ ಅದು ಕಣ್ಣಿಗೆ ಕಾಣದಂತೆ ಉಪವಾಸ ಬೀಳುತ್ತದೆ. ಮೀನು ಸೊರಗಿದರೆ ಗೊತ್ತಾಗುತ್ತದೆ. ಇದು ಗಟ್ಟಿ ತೊಗಲಿನೊಳಗೆ ತನ್ನ ಮೈಯನ್ನೇ ಕರಗಿಸಿಕೊಂಡು ತಿಂಗಳುಗಟ್ಟಲೆ ತಳ್ಳುತ್ತದೆ. ತೋಳಿನ ತುದಿ ಕೊಳೆತು ಕಳಚುವಾಗ ನಾವು ಅದಕ್ಕೆ ಯಾವುದೋ ರೋಗದ ಹೆಸರು ಹುಡುಕುತ್ತೇವೆ. ಅಂಗಡಿಗೆ ಬರುವ ಇಂಥವೆಲ್ಲ ಹೆಚ್ಚುಕಡಿಮೆ ಸಮುದ್ರದಿಂದಲೇ ಹಿಡಿದು ತಂದವು. ಪಂಚಪ್ಪನೂ ಎಲ್ಲಿಯದೋ ಕಡಲಹುಲ್ಲಿನ ಬಯಲು ಬಿಟ್ಟು ಬಂದವನೇ. ಆ ಮಾತು ಬಂದಾಗ ನಾನು ಚಿಮಟ ಹುಡುಕುವ ನೆಪದಲ್ಲಿ ಎದ್ದು ಹೋಗುತ್ತೇನೆ.

ಮದುವೆ ಶಿವಮೊಗ್ಗದಲ್ಲಿ. ಎದುರುಮನೆ ರಾಯರಿಗೆ ಬೀಗದ ಕೈ ಕೊಟ್ಟು ಪಾಠ ಮಾಡಿದೆ. ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುತ್ತದೆ, ಅದಕ್ಕೆ ಸಿಹಿನೀರನ್ನೇ ಸೇರಿಸಬೇಕು. ಕರೆಂಟ್ ಹೋದರೆ ಬ್ಯಾಟರಿಯ ಪಂಪು. ನೀರಿನಿಂದ ಮೇಲೆತ್ತಿ ಫೋಟೋ ತೆಗೆಯಬಾರದು. ಸೀಗಡಿ ಒಂದೇ ಚೂರು. ಹೊಟ್ಟೆಯ ವಿಷಯ ಹೇಳುವುದು ಮರೆಯಿತು.

ಧಾರೆಯ ದಿನ ಪಂಕ್ತಿಯಲ್ಲಿ ಚಿರೋಟಿಗೆ ಹಾಲು ಹುಯ್ಯುತ್ತಿದ್ದಾಗ ರಾಯರ ಫೋನು. ಧ್ವನಿ ನಡುಗುತ್ತಿತ್ತು. ಓಲಗದ ಗದ್ದಲಕ್ಕೆ ನಾನೂ ಕೂಗಿಯೇ ಹೇಳಬೇಕಾಯಿತು. "ಹೊಟ್ಟೆ ಹೊರಗೆ ಬಂದಿದ್ರೆ ಗಾಬರಿಯಾಗ್ಬೇಡಿ ರಾಯರೇ! ಊಟ ಆದ್ಮೇಲೆ ಅದೇ ಒಳಗೆ ಹೋಗುತ್ತೆ! ನೀವು ಮಾತ್ರ ಮುಟ್ಟೋಕೆ ಹೋಗ್ಬೇಡಿ!"

ಪಕ್ಕದ ಎಲೆಯವರು ಚಿರೋಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಕಡೆ ಬಾಗಿದರು.

"ಯಾವ ಆಸ್ಪತ್ರೇಲಿದಾರೆ?"