ಹೊಸ್ತಿಲು ಮೀಮಾಂಸೆ: ಗಾಜಿನ ಪಡಸಾಲೆಯ ಬಾಗಿಲನ್ನು ಕುರಿತ ಒಂದು ಅಧಿಕರಣ

ವಿಷಯ

ಬೆಂಗಳೂರಿನ ಲಾಲ್‌ಬಾಗಿನಲ್ಲಿ 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿದ್ದಾಗ ಅದು ಹೂವಿನ ಪ್ರದರ್ಶನಕ್ಕೆಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ದಾವಣಗೆರೆಯ ಕುಂದುವಾಡ ಕೆರೆಯ ಬಳಿ ಗಾಜಿನ ಮನೆ ಎದ್ದ ಮೇಲೂ ಶಾಸ್ತ್ರಕ್ಕೆ ತೊಂದರೆಯಾಗಲಿಲ್ಲ. ಆದರೆ ಬಡಾವಣೆಯ ಗೃಹಸ್ಥನು ತನ್ನ ಸಿಟೌಟಿಗೆ ಗಾಜು ಹೊದಿಸಿ, ಒಳಗೆ ನಾಲ್ಕು ಕುಂಡವನ್ನೂ ಒಂದು ಉಯ್ಯಾಲೆಯನ್ನೂ ಇಟ್ಟು, ವೀಲ್‌ಚೇರಿನ ಅಜ್ಜಿಗೆ ಅಲ್ಲೇ ಬೆಳಗಿನ ಕಾಫಿ ಎಂದು ಘೋಷಿಸಿದಾಗ ತೊಡಕು ಹುಟ್ಟಿತು. ಹಾಲಿಗೂ ಗಾಜಿನ ಪಡಸಾಲೆಗೂ ನಡುವೆ ಎಂಥ ಬಾಗಿಲು? ಸೆಕೆ ಒಳಗೆ ಬರಬಾರದು. ಅಜ್ಜಿ ಹೊರಗೆ ಹೋಗಬೇಕು.

ಸಂಶಯ

ಈ ಪಡಸಾಲೆ ಮನೆಯ ಒಳಗೋ, ಹೊರಗೋ? ಇಲ್ಲಿ ಚಪ್ಪಲಿಯೇ ಪ್ರಮಾಣ. ಮನೆಯವರು ಗಾಜಿನಾಚೆ ಬಿಡುತ್ತಾರಾದ್ದರಿಂದ ಒಳಗು. ಬೀಗರು ಗಾಜಿನೀಚೆ ಬಿಡುತ್ತಾರಾದ್ದರಿಂದ ಹೊರಗು. ಕೊರಿಯರ್ ಹುಡುಗ ಬಿಡುವುದೇ ಇಲ್ಲವಾದ್ದರಿಂದ ಅನಿರ್ವಚನೀಯ. ಭೌತಶಾಸ್ತ್ರ ಮಾತ್ರ ಹೊರಗೆನ್ನುತ್ತದೆ. ಬಿಸಿಲು ಗಾಜು ದಾಟಿ ನೆಲವನ್ನು ಕಾಯಿಸುತ್ತದೆ. ಕಾದ ನೆಲ ಸೂಸುವ ಶಾಖಕಿರಣಕ್ಕೆ ಅದೇ ಗಾಜು ದಾರಿ ಬಿಡದು. ಏಪ್ರಿಲ್‌ನಲ್ಲಿ ಉಷ್ಣಾಂಶ 40 ಡಿಗ್ರಿ ಸಮೀಪಿಸಿದಾಗ ಪಡಸಾಲೆಗೂ ಮಂಡಕ್ಕಿ ಭಟ್ಟಿಗೂ ವ್ಯತ್ಯಾಸ ಉಳಿಯುವುದಿಲ್ಲ.

ಪೂರ್ವಪಕ್ಷ

ಹೊಸ್ತಿಲುವಾದಿಗಳ ಮತ ಹೀಗಿದೆ. ಹೊಸ್ತಿಲಿಲ್ಲದಿದ್ದರೆ ಅರಿಸಿನ ಕುಂಕುಮ ಎಲ್ಲಿಗೆ? ಹೊಸ ಸೊಸೆ ಸೇರಕ್ಕಿಯನ್ನು ಎಲ್ಲಿಂದ ಒದೆಯಬೇಕು? ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗ ಸಿಗದೆ ನರಸಿಂಹ ಹುಡುಕುತ್ತಲೇ ಇರುತ್ತಿದ್ದ, ಹಿರಣ್ಯಕಶಿಪು ಪಿಂಚಣಿ ಪಡೆಯುತ್ತಿದ್ದ. ಇದಕ್ಕೆ ಬಡಗಿಯ ವ್ಯಾಖ್ಯಾನ: "ಕೆಳಗೆ ಸಂದಿ ಬಿಟ್ರೆ ಇರುವೆ ನಿಮ್ಮನ್ನ ಕೇಳಿ ಬರ್ತಾವೇನ್ರೀ?" ಕೊನೆಯದು ಪ್ರಬಲ ವಾದ, ಇರುವೆ ಬರುವ ಸಂದಿಯಲ್ಲಿ ಸೆಕೆಯೂ ಬರುತ್ತದೆ.

ಉತ್ತರಪಕ್ಷ

ಸಮತಲವಾದಿಗಳ ಉತ್ತರ: ಪೂಜೆ ತಲೆಬಾಗಿಲಿನ ಹೊಸ್ತಿಲಿಗೆ ಸಲ್ಲುತ್ತದೆ, ನಡುಬಾಗಿಲಿಗಲ್ಲ. ದೃಷ್ಟಾಂತ ಬೇಕಾದವರು ಹರಿಹರಕ್ಕೆ ಹೋಗಲಿ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿಯಲ್ಲಿ ಬಲಕ್ಕೆ ಹರ, ಎಡಕ್ಕೆ ಹರಿ. ಗುಡಿಯ ಬಾಗಿಲಿಗೆ ಹೊಸ್ತಿಲುಂಟು. ಹರಿಹರರ ನಡುವೆ ಒಂದು ಪಟ್ಟಿಯೂ ಇಲ್ಲ.

ಶಬ್ದಪ್ರಮಾಣವೂ ಉಂಟು. ಕೇಂದ್ರ ಸರ್ಕಾರದ 2021ರ ಸುಗಮ್ಯತೆಯ ಮಾರ್ಗಸೂಚಿಯ ಪ್ರಕಾರ ಬಾಗಿಲಿನ ತೆರಪು 900 ಮಿ.ಮೀ. ಇರಬೇಕು, ಹೊಸ್ತಿಲು ಬೇಕೇಬೇಕೆಂದರೆ 12 ಮಿ.ಮೀ. ಮೀರದೆ ಅಂಚು ಓರೆಯಾಗಿರಬೇಕು. ಮೇಲೆದ್ದ ಹಳಿಯ ಸ್ಲೈಡಿಂಗ್ ಬಾಗಿಲು ಹೊಸ್ತಿಲಿನ ಮಾರುವೇಷವಾದ್ದರಿಂದ ನಿಷಿದ್ಧ.

ಇರುವೆಗೆ ಪರಿಹಾರ ಇಳಿಪಟ್ಟಿ. ಬಾಗಿಲಿನ ತಳದಲ್ಲಿ ರಬ್ಬರ್ ಪಟ್ಟಿ ಅಡಗಿರುತ್ತದೆ. ಮುಚ್ಚಿದಾಗ ಚೌಕಟ್ಟು ಒಂದು ಗುಂಡಿಯನ್ನು ಒತ್ತುತ್ತದೆ, ಪಟ್ಟಿ ಇಳಿದು ನೆಲವನ್ನು ಅಮರುತ್ತದೆ; ತೆರೆದೊಡನೆ ಮೇಲೇರುತ್ತದೆ. ಬೇಕಾದಾಗ ಇದ್ದು ಬೇಡವಾದಾಗ ಇಲ್ಲವಾಗುವ ಈ ಹೊಸ್ತಿಲಿಗೆ ಅದ್ವೈತಿಗಳ ಆಕ್ಷೇಪವಿಲ್ಲ. ಗಾಜು ಜೋಡಿ ಪದರದ್ದಿರಲಿ: ಒಂಟಿ ಗಾಜು ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 5.7 ವಾಟ್ ಶಾಖ ದಾಟಿಸಿದರೆ, ನಡುವೆ ಗಾಳಿ ಹಿಡಿದ ಜೋಡಿ ಗಾಜು ಅದರ ಅರ್ಧದಷ್ಟನ್ನೇ ದಾಟಿಸುತ್ತದೆ. ಚೌಕಟ್ಟು ತೇಗದ್ದೋ ಯುಪಿವಿಸಿಯದ್ದೋ ಆಗಲಿ. ಅಲ್ಯುಮಿನಿಯಂ ಅವಕ್ಕಿಂತ ಸುಮಾರು ಸಾವಿರ ಪಟ್ಟು ಸಲೀಸಾಗಿ ಶಾಖ ಹರಿಸುತ್ತದೆ.

ಪುನರಾಕ್ಷೇಪ

ಇಷ್ಟೆಲ್ಲ ನಿರ್ಣಯವಾಗಿ ಬಾಗಿಲು ಕೂತ ಮರುದಿನ ಗೃಹಿಣಿಯು ಅದರ ಮುಂದೆ ದಪ್ಪನೆಯ ನಾರಿನ ಕಾಲೊರಸು ಹಾಸುತ್ತಾಳೆ. ವೀಲ್‌ಚೇರಿನ ಮುಂದಿನ ಸಣ್ಣ ಚಕ್ರ ಅದಕ್ಕೆ ಸಿಕ್ಕಿಕೊಳ್ಳುತ್ತದೆ, ಬಾಗಿಲೂ ತಾಗುತ್ತದೆ. ಬಡಗಿ ಬಂದು ತಳವನ್ನು ಅರ್ಧ ಇಂಚು ಕೆತ್ತುತ್ತಾನೆ. ಇಳಿಪಟ್ಟಿ ಇನ್ನು ನೆಲ ಮುಟ್ಟದು. ಇರುವೆಗಳು ಮರಳುತ್ತವೆ, ಕೇಳದೆಯೇ.

ಸಿದ್ಧಾಂತ

ಕಾಲೊರಸಿನ ಅಳತೆಗೆ ಸರಿಯಾಗಿ ಟೈಲ್ಸ್ ಕೂರಿಸುವಾಗಲೇ ನೆಲದಲ್ಲಿ ತಗ್ಗು ಬಿಡತಕ್ಕದ್ದು. ಹಾಸಿದ ಮೇಲೆ ಅದು ನೆಲಕ್ಕೆ ಸಮನಾಗಿರತಕ್ಕದ್ದು. ಈ ಇಡೀ ವಿವಾದದಲ್ಲಿ ಅಜ್ಜಿಯ ಮತ ಯಾವ ಪಕ್ಷದಲ್ಲೂ ದಾಖಲಾಗಿಲ್ಲ ಎಂಬುದನ್ನು ಪಂಡಿತರು ಗಮನಿಸಬೇಕು.

ಫಲಶ್ರುತಿ

ಇದನ್ನು ಬಡಗಿಯೆದುರು ಮೂರು ಸಲ ಪಠಿಸಿದವನಿಗೆ ಅಡ್ವಾನ್ಸ್ ಕೊಟ್ಟ ತಿಂಗಳಲ್ಲೇ ಬಾಗಿಲು ಪ್ರಾಪ್ತವಾಗುವುದು. ಶ್ರದ್ಧೆಯಿಂದ ಕೇಳಿದವನ ಎಸಿಯ ಕರೆಂಟ್ ಬಿಲ್ಲು ಇಳಿಯುವುದು. ಅಳತೆ ತೆಗೆಯುವ ಮೊದಲೇ ಅಜ್ಜಿಯನ್ನು ಒಂದು ಮಾತು ಕೇಳಿದವನಿಗೆ ಈ ಗ್ರಂಥದ ಗೊಡವೆಯೇ ಬೇಡ.