ಸರಾಸರಿ ರಾಯರು

ವಡೋದರದ ಅಂಚಿನ ಕೊಯಾಲಿಯಲ್ಲಿ, 1965ರಲ್ಲಿ ಕೆಲಸ ಆರಂಭಿಸಿದ ತೈಲ ಸಂಸ್ಕರಣಾಗಾರವನ್ನು ನಂಬಿ ದೇಶದ ನಾನಾ ಕಡೆಯಿಂದ ಬಂದು ನೆಲೆಸಿದವರ ನಡುವೆ, ನಿವೃತ್ತರಾದರೂ ಅಂಕಿಗಳಿಂದ ನಿವೃತ್ತರಾಗದ ಕನ್ನಡಿಗರ ಒಂದು ಬಗೆಯುಂಟು. ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಹಳೆಯ ಡೈರಿ, ಯಾರು ಏನೇ ಹೇಳಿದರೂ "ಡೇಟಾ ಎಲ್ಲಿ?" ಎಂಬ ಪ್ರಶ್ನೆ ಇರುವ ಈ ಬಗೆಯವರನ್ನು ಅನುಕೂಲಕ್ಕಾಗಿ ಸರಾಸರಿ ರಾಯರೆಂದು ಕರೆಯಬಹುದು.

ಗುಜರಾತಿ ದಾಳ್‌ನ ಬೆಲ್ಲ ರಾಯರ ಆಜೀವ ದೂರು. ತಮ್ಮ ಮನೆಯ ಸಾರಿಗೂ ಒಂದು ಚೂರು ಬೆಲ್ಲ ಬೀಳುವುದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಹಮದಾಬಾದ್, ವಡೋದರ, ಸೂರತ್ ಕಡೆಯ ಮೂವರ ಕೈಯಡುಗೆಯ ದಾಳ್ ತರಿಸಿ, ಮನೆಯವರೂ ನೆರೆಯವರೂ ಸೇರಿ ಎಂಟು ಮಂದಿಯಿಂದ ಸಿಹಿಗೆ ಹತ್ತರಲ್ಲಿ ಅಂಕ ಹಾಕಿಸುವ ಅವರಿಗೆ, ಸೂರತ್ತಿನದೇ ಹೆಚ್ಚು ಸಿಹಿಯೆಂಬುದು ಬೇಳೆ ಬೇಯುವ ಮೊದಲೇ ಗೊತ್ತಿರುತ್ತದೆ.

ಮೊದಲು ಅವರು ಹಿಡಿಯುವುದು ಎರಡು ಗುಂಪುಗಳ ಸರಾಸರಿಯನ್ನು ಹೋಲಿಸುವ ಟಿ-ಪರೀಕ್ಷೆ. ಇದರ ಮೂಲ ಸಿದ್ಧಾಂತವನ್ನು 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ ಗಾಸೆಟ್ ಡಬ್ಲಿನ್ನಿನ ಬಿಯರ್ ಕಾರ್ಖಾನೆಯಲ್ಲಿ ನೌಕರನಾಗಿದ್ದ. ಪಾನನಿಷೇಧದ ಗುಜರಾತಿನಲ್ಲಿ ರಾಯರು ಅದನ್ನು "ಯಾವುದೋ ಒಂದು ಕಾರ್ಖಾನೆ" ಎಂದು ಹೇಳಿ ಮುಂದೆ ಸಾಗುತ್ತಾರೆ. ಮೂರು ಊರುಗಳಿಂದ ಮೂರು ಜೋಡಿಗಳಾಗುತ್ತವೆ. ಒಂದೊಂದು ಹೋಲಿಕೆಯಲ್ಲೂ ಇಲ್ಲದ ವ್ಯತ್ಯಾಸ ಇದೆಯೆಂದು ತೋರುವ ಅಪಾಯ ನೂರಕ್ಕೆ 5 ಇದ್ದರೆ, ಅವು ಒಂದಕ್ಕೊಂದು ಸಂಬಂಧವಿಲ್ಲದವೆಂದು ಭಾವಿಸಿದಾಗ, ಮೂರರಲ್ಲಿ ಒಂದಾದರೂ ಸುಳ್ಳು ಹೇಳುವ ಅಪಾಯ ನೂರಕ್ಕೆ ಸುಮಾರು 14ಕ್ಕೆ ಏರುತ್ತದೆ. ಈ ಏರಿಕೆ ರಾಯರಿಗೆ ಅಪ್ರಿಯವೇನಲ್ಲ.

ಅಲ್ಲಿ ಕೆಲಸವಾಗದಿದ್ದರೆ ಫಿಶರ್‌ನ ಅನೋವಾಕ್ಕೆ, ಅಂದರೆ ಗುಂಪುಗಳ ನಡುವಿನ ಏರುಪೇರನ್ನು ಗುಂಪುಗಳ ಒಳಗಿನ ಏರುಪೇರಿನೊಂದಿಗೆ ತೂಗುವ ವಿಧಾನಕ್ಕೆ, ಹೊರಳುತ್ತಾರೆ. ಅದು ಎಲ್ಲೋ ವ್ಯತ್ಯಾಸವಿದೆ ಎನ್ನುತ್ತದೆಯೇ ಹೊರತು ಯಾವ ಊರೆಂದು ಬೆರಳು ತೋರಿಸದ ಕಾರಣ ಟ್ಯೂಕಿಯ ವಿಧಾನ, ಗುಂಪುಗಳ ಏರುಪೇರು ಸಮವಲ್ಲವೆಂದು ವೆಲ್ಚ್, ಅಂಕಗಳ ಬದಲು ಅವುಗಳ ಶ್ರೇಣಿಯನ್ನು ನೋಡುವ ಕ್ರುಸ್ಕಲ್-ವಾಲಿಸ್, ಹೀಗೆ ಸೂರತ್ ಗೆಲ್ಲುವವರೆಗೆ ಯಾತ್ರೆ ನಡೆಯುತ್ತದೆ. ಪರೀಕ್ಷೆಯ ಆಯ್ಕೆ ದತ್ತಾಂಶ ಕೈಸೇರುವ ಮೊದಲೇ, ಅದನ್ನು ಸಂಗ್ರಹಿಸುವ ರೀತಿಯಿಂದಲೇ ನಿಶ್ಚಯವಾಗಬೇಕೆಂಬ ನಿಯಮ ರಾಯರಿಗೆ ಬಾಯಿಪಾಠವಿದೆ. ಅದನ್ನು ಅವರು ಇತರರಿಗಾಗಿ ಕಾಯ್ದಿರಿಸಿದ್ದಾರೆ.

ಇಂಥ ಮನೆಗಳಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಸಾಮಾನ್ಯವಾಗಿ ಸೊಸೆ ಪಾತ್ರೆ ಎತ್ತಿಡುತ್ತಾ ಕೇಳುತ್ತಾಳೆ: "ಮಾವ, ಮೂರೂ ದಾಳ್ ರುಚಿ ನೋಡಿದ್ದು ಅದೇ ಎಂಟು ಜನ ಅಲ್ವಾ?" ಹೌದಾದರೆ ಮೂರು ಗುಂಪುಗಳು ಬೇರೆ ಬೇರೆಯಲ್ಲ, ಒಬ್ಬೊಬ್ಬರ ನಾಲಿಗೆಯನ್ನೂ ಅದರೊಂದಿಗೇ ಹೋಲಿಸಬೇಕು, ಅದಕ್ಕೆ ಮಿಲ್ಟನ್ ಫ್ರೀಡ್‌ಮನ್ 1937ರಲ್ಲೇ ಶ್ರೇಣಿಯಾಧಾರಿತ ಪರೀಕ್ಷೆಯೊಂದನ್ನು ಕೊಟ್ಟಿದ್ದಾನೆ. ರಾಯರು ಡೈರಿ ಮುಚ್ಚಿ, ಫ್ರೀಡ್‌ಮನ್ ಅರ್ಥಶಾಸ್ತ್ರಜ್ಞನಲ್ಲವೇ ಎಂದು ಕೇಳಿ ಕೈತೊಳೆಯಲು ಏಳುತ್ತಾರೆ. ಡೈರಿಯಲ್ಲಿ ಸೂರತ್ ಗೆದ್ದ ಪುಟ ಮಾತ್ರ ಉಳಿದಿದೆ. ಅದರ ಹಿಂದಿನ ಐದು ಪುಟಗಳನ್ನು ಹರಿದು ತೆಗೆಯಲಾಗಿದೆ.