ಎರಡು ಮೊಳ ಹಗ್ಗ

ಬೆಳಿಗ್ಗೆ ದೋಸೆ ಹೊಯ್ಯುತ್ತಿದ್ದಾಗಲೇ ಬೇಲಿಯಾಚೆ ಎಳೆದಾಟ ಶುರುವಾಗಿತ್ತು. ಪಕ್ಕದ ತೋಟದ ಹುಡುಗ ಹುಲ್ಲು ಹೊಡೆಯುವ ಮಿಷನ್ನಿನ ಹಗ್ಗ ಎಳೆಯುತ್ತಿದ್ದ. ಮೂರನೆಯ ಎಳೆತಕ್ಕೋ ನಾಲ್ಕನೆಯದಕ್ಕೋ ಅದು ಒಂದು ಸಲ ಕೆಮ್ಮಿತು. ಆಮೇಲೆ ಕೆಮ್ಮೂ ಇಲ್ಲ, ಬರೀ ಸರ್ ಸರ್ ಎನ್ನುವ ಸದ್ದು. ಇಪ್ಪತ್ತು ಸಲವಾದರೂ ಎಳೆದಿರಬೇಕು. ಕೊನೆಗೆ ಟಪ್ ಎಂದಿತು. ಆ ಟಪ್ ಏನೆಂದು ನನಗೆ ಚೆನ್ನಾಗಿ ಗೊತ್ತು. ಒಲೆ ಆರಿಸಿ ದಣಪೆ ಹತ್ತಿರ ಹೋದೆ.

"ಹರೀತಾ?"

"ಹರೀತು ಅಕ್ಕಾ." ಅವನ ಕೈಯಲ್ಲಿ ಹಿಡಿಕೆ, ಅದಕ್ಕೆ ಜೋತುಬಿದ್ದ ಗೇಣುದ್ದದ ತುಂಡು. "ಸಾಗರಕ್ಕೆ ತಗೊಂಡು ಹೋಗ್ಬೇಕು. ಇವತ್ತಿನ ಕೆಲಸ ಹೋಯ್ತು."

ಅವನ ಸಂಕಟ ಸುಳ್ಳಲ್ಲ. ಮಳೆ ಎರಡು ದಿನದಿಂದ ಹೊಳವಾಗಿದೆ. ಕೊಯ್ಲಿಗೆ ಮುಂಚೆ ತೋಟದ ಅಡಿ ಬೋಳಿಸದಿದ್ದರೆ ಉದುರಿದ ಅಡಿಕೆ ಒಂದೂ ಕಣ್ಣಿಗೆ ಬೀಳುವುದಿಲ್ಲ. ಮೊಣಕಾಲೆತ್ತರದ ಹುಲ್ಲಿನಲ್ಲಿ ಹಾವಿನ ಹೆದರಿಕೆ ಬೇರೆ. ಕತ್ತಿಯಲ್ಲಿ ಹುಲ್ಲು ಸವರುವ ಆಳುಗಳು ಈಗ ಸಿಗುವುದಿಲ್ಲ, ಆದ್ದರಿಂದಲೇ ಮನೆಮನೆಗೂ ಈ ಮಿಷನ್ ಬಂದಿದ್ದು. ಅಂಥ ಮಿಷನ್ನು ಎರಡು ಮೊಳ ಹಗ್ಗಕ್ಕಾಗಿ ಬಸ್ಸು ಹತ್ತುವುದು ನನಗೆ ಸಹಿಸುವುದಿಲ್ಲ.

ನಾವೂ ಒಂದು ಕಾಲಕ್ಕೆ ಹಾಗೇ ಹೋದವರು. ಪೇಟೆಯ ಒಂದು ಅಂಗಡಿಯಲ್ಲಿ ನಾಲ್ಕು ದಿನ ಇಟ್ಟುಕೊಂಡು, ಸ್ಟಾರ್ಟರೇ ಹೋಗಿದೆ ಎಂದು ಹೊಸ ಸೆಟ್ಟು ಹಾಕಿ ಬಿಲ್ಲು ಕೊಟ್ಟರು. ಹಳೆಯದನ್ನು ಕೇಳಿ ಇಸಕೊಂಡು ಬಂದು ಬಿಚ್ಚಿ ನೋಡಿದರೆ ಸ್ಪ್ರಿಂಗು ಗಟ್ಟಿಯಾಗಿತ್ತು, ರಾಟೆಯೂ ಗಟ್ಟಿಯಾಗಿತ್ತು. ಹರಿದದ್ದು ಹಗ್ಗ ಒಂದೇ. ಆ ದುಃಖಕ್ಕೆ ಅದೇ ಹಳೆಯ ಸೆಟ್ಟನ್ನು ಜಗಲಿಯಲ್ಲಿಟ್ಟುಕೊಂಡು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಕಲಿತೆ. ಅಲ್ಲಿಂದ ಈಚೆಗೆ ನಮ್ಮ ಮಿಷನ್ ಹಗ್ಗಕ್ಕೆಂದು ಊರು ಬಿಟ್ಟಿಲ್ಲ.

"ಹೋಗೋದು ಬೇಡ. ಇಲ್ಲಿ ತಂದಿಡು. ಸ್ಟಾರ್ ಸ್ಕ್ರೂಡ್ರೈವರ್, ನೋಸ್ ಪ್ಲೈಯರ್, ಬೆಂಕಿಪೊಟ್ಟಣ ತಾ. ಹಗ್ಗ ನನ್ನ ಹತ್ರ ಇದೆ."

ದಣಪೆ ಪಕ್ಕದ ಕಲ್ಲಿನ ಮೇಲೆ ಮಿಷನ್ ಮಲಗಿಸಿದೆವು. ನಾನು ಮೊದಲು ಮಾಡಿಸಿದ ಕೆಲಸ ಪ್ಲಗ್ಗಿನ ಕ್ಯಾಪು ಕೀಳಿಸಿದ್ದು. ಬ್ಲೇಡಿರುವ ಯಂತ್ರದಲ್ಲಿ ಕೈಯಾಡಿಸುವ ಮುಂಚೆ ಕಿಡಿ ಹುಟ್ಟುವ ದಾರಿ ಮುಚ್ಚಲೇಬೇಕು. ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಸ್ಕ್ರೂ ಬಿಚ್ಚುತ್ತಾ ಅವನು ಕೇಳಿದ: "ಹಗ್ಗ ಎಳೆದರೆ ಒಳಗೆ ಆಗೋದೆಂತ ಅಕ್ಕಾ?"

ಮಜ್ಜಿಗೆ ಕಡೆಯುವುದನ್ನು ಅವನು ನೋಡಿದ್ದಾನೆ, ಅವನ ಅಜ್ಜಿ ಇರುವವರೆಗೂ ಕಡೆಗೋಲು ಬಿಟ್ಟವರಲ್ಲ. ಹಗ್ಗವನ್ನು ಕಡೆಗೋಲಿಗೆ ಎರಡು ಮೂರು ಸುತ್ತು ಹಾಕಿ ಬಲಗೈಯಲ್ಲಿ ಎಳೆದರೆ ಗೋಲು ಒಂದು ಕಡೆ ತಿರುಗುತ್ತದೆ, ಎಡಗೈ ಎಳೆದಾಗ ಮತ್ತೊಂದು ಕಡೆ. ಮಿಷನ್ನಿನ ಒಳಗಿರುವುದೂ ಇದೇ ವ್ಯವಹಾರ. ಕಡೆಗೋಲಿನ ಜಾಗದಲ್ಲಿ ಅಂಗೈಯಗಲದ ಒಂದು ರಾಟೆ, ಎಡಗೈ ಬದಲು ಒಂದು ಸ್ಪ್ರಿಂಗು. ನಾವು ಎಳೆದಷ್ಟನ್ನೂ ಅದು ವಾಪಸ್ಸು ಸುತ್ತಿಕೊಳ್ಳುತ್ತದೆ. ಹೆಚ್ಚಿಗೆ ಇರುವುದು ಹಲ್ಲೊಂದೇ. ಎಳೆಯುವಾಗ ಆ ಹಲ್ಲು ಇಂಜಿನ್ನಿನ ಚಕ್ರವನ್ನು ಕಚ್ಚುತ್ತದೆ, ಇಂಜಿನ್ ತನ್ನಷ್ಟಕ್ಕೆ ಓಡತೊಡಗಿದ ಕೂಡಲೇ ಬಿಟ್ಟುಬಿಡುತ್ತದೆ. ಬಿಡದಿದ್ದರೆ ಹಗ್ಗದ ಜೊತೆ ನಮ್ಮ ಕೈಯೂ ಒಳಗೆ ಹೋಗುತ್ತಿತ್ತು. ಚಕ್ರದಲ್ಲಿ ಅಯಸ್ಕಾಂತ ಇದೆ. ಅದು ಪಕ್ಕದ ಕಾಯಿಲಿನ ಮುಂದೆ ರಭಸದಿಂದ ಹಾದುಹೋದರೆ ಮಾತ್ರ ಪ್ಲಗ್ಗಿಗೆ ಕಿಡಿ. ಬ್ಯಾಟರಿ ಇಲ್ಲದ ಯಂತ್ರ, ಮೊದಲ ಕಿಡಿ ನಮ್ಮ ರಟ್ಟೆಯಿಂದಲೇ ಹುಟ್ಟಬೇಕು. ಮೆಲ್ಲಗೆ ಎಳೆದರೆ ಶುರುವಾಗದಿರುವುದು ಅದಕ್ಕೇ.

ನನ್ನ ಅಪ್ಪನ ಕಾಲದ ಸೀಮೆಎಣ್ಣೆ ಪಂಪ್‌ಸೆಟ್ಟಿಗೆ ಈ ಸ್ಪ್ರಿಂಗೂ ಇರಲಿಲ್ಲ. ಪೆಟ್ರೋಲಿನಲ್ಲಿ ಶುರು ಮಾಡಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಇಂಜಿನ್ನು. ಹಗ್ಗ ಗೋಡೆಯ ಮೊಳೆಯಲ್ಲಿ ಬೇರೆಯೇ ನೇತಾಡುತ್ತಿತ್ತು, ಒಂದು ತುದಿಗೆ ಮರದ ಹಿಡಿ, ಇನ್ನೊಂದು ತುದಿಗೆ ಗಂಟು. ಗಂಟನ್ನು ಚಕ್ರದ ಕಚ್ಚಿಗೆ ಸಿಕ್ಕಿಸಿ, ಬುಗುರಿಗೆ ಚಾಟಿ ಸುತ್ತಿದ ಹಾಗೆ ಸುತ್ತಿ, ಒಂದೇ ಸಲ ಎಳೆಯಬೇಕು. ಹಗ್ಗ ಪೂರ್ತಿ ಬಿಚ್ಚಿ ಕೈಗೆ ಬರುತ್ತಿತ್ತು. ಅಪ್ಪ ಎಳೆಯುವಾಗ ನಾವು ಮಕ್ಕಳು ಹಿಂದೆ ನಿಲ್ಲುವಂತಿರಲಿಲ್ಲ, ಹಗ್ಗದ ತುದಿ ಚಾಟಿಯಂತೆಯೇ ಬೀಸಿ ಬರುತ್ತಿತ್ತು. ಆದರೆ ಆ ಹಗ್ಗ ಹರಿದರೆ ಅಪ್ಪ ಯಾರನ್ನೂ ಕೇಳುತ್ತಿರಲಿಲ್ಲ, ಇನ್ನೊಂದಕ್ಕೆ ಗಂಟು ಹಾಕಿ ಮುಂದುವರಿಯುತ್ತಿದ್ದರು. ಬುಗುರಿ ಹೋಗಿ ಕಡೆಗೋಲು ಬಂತು, ಅದಕ್ಕೊಂದು ಮುಚ್ಚಳವೂ ಬಂತು. ಮುಚ್ಚಳ ಬಂದದ್ದೇ ನಮಗೆ ಹೆದರಿಕೆ ಶುರುವಾಯಿತು.

ಅಷ್ಟರಲ್ಲಿ ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ಕೈಗೆ ಬಂದಿತ್ತು. ಒಳಗೆಲ್ಲ ಹುಲ್ಲಿನ ಪುಡಿ ಎಣ್ಣೆಯ ಜೊತೆ ಸೇರಿ ಹಸಿರು ಹಿಟ್ಟಾಗಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿಸಿದೆ. ರಾಟೆಯ ಮೇಲೆ ಉಳಿದಿದ್ದ ಹಗ್ಗವನ್ನು ಬಿಚ್ಚಿ, ಗಂಟನ್ನು ಪ್ಲೈಯರಿನಿಂದ ಕಿತ್ತು ತೆಗೆದ. ಹಿಡಿಕೆಯಲ್ಲಿದ್ದ ತುಂಡಿನ ಜೊತೆ ಜೋಡಿಸಿ ಅಳೆದರೆ ಸರಿಯಾಗಿ ಎರಡು ಮೊಳ. ಗಂಟುಗಳಿಗೆಂದು ಇನ್ನೂ ನಾಲ್ಕು ಬೆರಳು ಬಿಟ್ಟು ಹೊಸದನ್ನು ಕತ್ತರಿಸಿದೆ.

ರಾಟೆ ಕಳಚಲು ಅವನ ಕೈ ನಡುವಿನ ಸ್ಕ್ರೂವಿಗೆ ಹೋಯಿತು. ತಡೆದೆ. ಅದರ ಅಡಿಯಲ್ಲಿ ಸ್ಪ್ರಿಂಗು ಸುರುಳಿ ಸುತ್ತಿ ಕೂತಿದೆ, ಗಡಿಯಾರದೊಳಗಿನ ಪಟ್ಟಿಯಂಥದ್ದು, ಅದಕ್ಕಿಂತ ಅಗಲ. ರಾಟೆ ಎತ್ತಿದರೆ ಬುಸ್ಸೆಂದು ಹಾರಿ ಬರುತ್ತದೆ. ಮುಖಕ್ಕೆ ಬಡಿದರೆ ಕಣ್ಣಿಗೇ ಅಪಾಯ, ಬಡಿಯದಿದ್ದರೂ ಅದನ್ನು ಮತ್ತೆ ಸುತ್ತಿ ಕೂರಿಸುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಸ್ಪ್ರಿಂಗು ಮುರಿದಿದ್ದರೆ ಮಾತ್ರ ಅದನ್ನು ಮುಟ್ಟಬೇಕು. ಮುರಿದಿಲ್ಲವೆಂದು ತಿಳಿಯುವುದು ಸುಲಭ. ರಾಟೆಯನ್ನು ಬೆರಳಿನಿಂದ ತಿರುಗಿಸಿ ಬಿಟ್ಟರೆ ಅದು ತಾನಾಗಿ ಹಿಂದಕ್ಕೆ ತಿರುಗಬೇಕು. ತಿರುಗಿತು.

ಹಗ್ಗದ ವಿಷಯದಲ್ಲಿ ನನಗೆ ಸ್ವಲ್ಪ ಹಟ ಇದೆ. ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಹಗ್ಗ ಕಟ್ಟಿದವರನ್ನು ನೋಡಿದ್ದೇನೆ, ಮುಚ್ಚಳದ ತೂತಿನ ಬಾಯಿಯಲ್ಲಿ ಉಜ್ಜಿ ಬಿಸಿಯೇರಿ ವಾರದೊಳಗೆ ಕಿತ್ತುಹೋಗುತ್ತದೆ. ಹತ್ತಿಯದು ಮಳೆಗಾಲದಲ್ಲಿ ನೀರು ಕುಡಿದು ಕೊಳೆಯುತ್ತದೆ. ಹುಲ್ಲು ಹೊಡೆಯುವ ನೈಲಾನ್ ದಾರವನ್ನೇ ಹಾಕಿದವರೂ ಇದ್ದಾರೆ, ಅದು ಬಿರುಸು, ಗಂಟು ನಿಲ್ಲುವುದಿಲ್ಲ. ಬೇಕಾದ್ದು ಜಡೆಯಂತೆ ಹೆಣೆದ ನೈಲಾನ್ ಹಗ್ಗ, ಇಷ್ಟು ಸಣ್ಣ ಮಿಷನ್ನಿಗೆ 3 ಮಿ.ಮೀ. ದಪ್ಪ. ಮರ ಕೊಯ್ಯುವ ಗರಗಸದ ಮಿಷನ್ನಿಗೆ 3.5 ಮಿ.ಮೀ., ಪಂಪಿನ ಇಂಜಿನ್ನಿಗೆ ಇನ್ನೂ ದಪ್ಪ. ಗಟ್ಟಿ ಇರಲಿ ಎಂದು ದಪ್ಪದ್ದು ಹಾಕಿದರೆ ರಾಟೆಯಲ್ಲಿ ಹಿಡಿಸದೆ ಮುಚ್ಚಳಕ್ಕೆ ಉಜ್ಜುತ್ತದೆ. ಉದ್ದ ಹೆಚ್ಚಾದರೂ ಅದೇ ಪಾಡು. ಅದಕ್ಕೇ ಹಳೆಯ ತುಂಡನ್ನು ಅಳೆಯದೆ ಎಸೆಯಬಾರದು.

ಕತ್ತರಿಸಿದ ತುದಿ ಬಿಚ್ಚಿಕೊಳ್ಳುತ್ತದೆಯಲ್ಲ, ಅದನ್ನು ಬೆಂಕಿಕಡ್ಡಿಯ ಉರಿಗೆ ತೋರಿಸಿದೆ. ನೈಲಾನ್ ಕರಗಿ ಜೇನಿನ ಬಣ್ಣದ ಹನಿಯಾಗಿ ನಿಂತಿತು. ಮೊದಲ ಸಲ ನಾನು ಅದನ್ನು ಬೆರಳಿನಿಂದ ಹೊಸೆದಿದ್ದೆ, ಚರ್ಮಕ್ಕೆ ಅಂಟಿ ಬೊಬ್ಬೆ ಎದ್ದಿತ್ತು. ಈಗ ಒದ್ದೆ ಬಾಳೆಎಲೆಯ ಚೂರಿನಲ್ಲಿ ಹಿಡಿದು ಹೊಸೆಯುತ್ತೇನೆ. ತುದಿ ಸೂಜಿಯಂತಾದರೆ ತೂತಿಗೆ ಪೋಣಿಸುವುದು ಸಲೀಸು.

ಇನ್ನು ಬಂದದ್ದು ಮುಖ್ಯ ಕೆಲಸ. ಹಗ್ಗ ಹಾಕುವ ಮೊದಲು ಸ್ಪ್ರಿಂಗಿಗೆ ಬಿಗಿ ಕೊಡಬೇಕು, ಅಂದರೆ ಕಡೆಗೋಲಿನ ಆ ಎಡಗೈಗೆ ಎಳೆಯುವ ಶಕ್ತಿ ತುಂಬಬೇಕು. ಹಗ್ಗ ಎಳೆದಾಗ ರಾಟೆ ಯಾವ ಕಡೆ ತಿರುಗುತ್ತದೋ ಅದೇ ಕಡೆಗೆ ಹೆಬ್ಬೆರಳಿನಿಂದ ಸುತ್ತುತ್ತಾ ಹೋದೆ. ಸುತ್ತಿದಷ್ಟೂ ಬಿಗಿಯಾಗುತ್ತದೆ, ಕಡೆಗೆ ಇನ್ನು ಆಗುವುದಿಲ್ಲ ಎಂದು ನಿಲ್ಲುತ್ತದೆ. ಅಲ್ಲೇ ನಿಲ್ಲಿಸಿ ಹಗ್ಗ ಕಟ್ಟಿದರೆ ಒಂದು ದಿನ ಪೂರ್ತಿ ಎಳೆದಾಗ ಸ್ಪ್ರಿಂಗು ಮುರಿಯುತ್ತದೆ. ಹಾಗಾಗಿ ಒಂದು ಸುತ್ತು ಹಿಂದಕ್ಕೆ ಬಿಟ್ಟೆ, ರಾಟೆಯ ತೂತೂ ಮುಚ್ಚಳದ ತೂತೂ ಎದುರುಬದುರು ಬಂದವು. "ಮೊಳೆ ತೂರಿಸು, ಈಗ" ಎಂದೆ. ರಾಟೆ ಅಲ್ಲಾಡದಂತೆ ಅವನು ಮೊಳೆ ತೂರಿಸಿದ. ನನ್ನ ಹೆಬ್ಬೆರಳು ಅಷ್ಟು ಹೊತ್ತಿಗೆ ನಡುಗುತ್ತಿತ್ತು.

ಹೊರಗಿನಿಂದ ಹಗ್ಗ ತೂರಿಸಿ, ರಾಟೆಯ ತೂತಿನಿಂದ ಮೇಲೆ ತೆಗೆದು, ಎಂಟರ ಆಕಾರದ ಗಂಟು ಹಾಕಿ ಜಗ್ಗಿದೆ. ಗಂಟು ತನ್ನ ಗೂಡಿನಲ್ಲಿ ಒಳಗೆ ಕೂರಬೇಕು, ತಲೆ ಹೊರಗೆ ಚಾಚಿದರೆ ಚಕ್ರಕ್ಕೆ ತಾಗುತ್ತದೆ. ಆಚೆ ತುದಿಯನ್ನು ಹಿಡಿಕೆಯೊಳಗೆ ಪೋಣಿಸಿ ಅಲ್ಲೂ ಗಂಟು. ಹೂ ಕಟ್ಟಿದ ಕೈಗೆ, ದನದ ಕಣ್ಣಿ ಹಾಕಿದ ಕೈಗೆ ಈ ಗಂಟುಗಳು ಹೊಸವೇನಲ್ಲ. ಮೊಳೆ ತೆಗೆದು ರಾಟೆಯನ್ನು ಮೆಲ್ಲಗೆ ಬಿಟ್ಟಾಗ ಹಗ್ಗ ಸರಸರ ಒಳಗೆ ಹೋಗಿ ಹಿಡಿಕೆ ಬಂದು ಮುಚ್ಚಳಕ್ಕೆ ಕಚ್ಚಿ ಕೂತಿತು. ಅದು ಜೋಲು ಬಿದ್ದರೆ ಬಿಗಿ ಕಡಿಮೆ ಎಂದರ್ಥ. ಇನ್ನೊಂದು ಪರೀಕ್ಷೆಯೂ ಇದೆ. ಹಗ್ಗ ಪೂರ್ತಿ ಹೊರಗೆಳೆದು ಹಿಡಿದಾಗಲೂ ರಾಟೆ ಇನ್ನು ಅರ್ಧ ಸುತ್ತು ತಿರುಗುವಂತಿರಬೇಕು. ತಿರುಗಿಸಿ ತೋರಿಸಿದೆ.

"ಇಷ್ಟೇನಾ?" ಎಂದ.

ಹಗ್ಗದ ಮಟ್ಟಿಗೆ ಇಷ್ಟೇ. ಆದರೆ ಹಗ್ಗ ಯಾಕೆ ಹರಿಯಿತು ಎನ್ನುವುದನ್ನು ಹೇಳದೆ ನಾನು ಅವನನ್ನು ಕಳಿಸುವುದಿಲ್ಲ. ಹರಿದ ತುಂಡನ್ನು ಕೈಗೆ ಕೊಟ್ಟೆ. ಒಂದು ಪಕ್ಕ ಮಾತ್ರ ನಾರು ನಾರಾಗಿತ್ತು. ಹಳೆಯ ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗ ಕೊರೆದ ಗೆರೆ ಇರುತ್ತದಲ್ಲ, ಇವನ ಮುಚ್ಚಳದ ತೂತಿನ ಬಾಯಿಯಲ್ಲೂ ಅಂಥದ್ದೇ ಒಂದು ಗೆರೆ ಬಿದ್ದು ಅಂಚು ಹರಿತವಾಗಿತ್ತು. ಅವನು ನಿಂತಲ್ಲಿಂದಲೇ ಓರೆಯಾಗಿ ಎಳೆಯುತ್ತಾನೆ, ಹಗ್ಗ ದಿನವೂ ಅದೇ ಜಾಗದಲ್ಲಿ ಕೊಯ್ದುಕೊಳ್ಳುತ್ತದೆ. ನುಣುಪು ಮರಳುಕಾಗದದಲ್ಲಿ ಆ ಅಂಚನ್ನು ಉಜ್ಜಿಸಿದೆ. ಮಿಷನ್ನನ್ನು ಸಮನೆಲದಲ್ಲಿಟ್ಟು, ಬ್ಲೇಡಿಗೆ ಏನೂ ತಾಗದಂತೆ ನೋಡಿಕೊಂಡು, ಎಡಗೈಯಲ್ಲಿ ಒತ್ತಿ ಹಿಡಿದು ನೇರವಾಗಿ ಎಳೆಯಬೇಕು. ಮೊದಲು ಮೆಲ್ಲಗೆ, ಒಳಗೆ ಏನೋ ತಡೆದಂತಾಗುವವರೆಗೆ. ಅಲ್ಲಿಂದ ಚುರುಕಾಗಿ. ಹಗ್ಗದ ಕೊನೆಯವರೆಗೆ ಜಗ್ಗಬಾರದು. ವಾಪಸ್ಸು ಹೋಗುವಾಗ ಹಿಡಿಕೆಯನ್ನು ಕೈಬಿಡದೆ ಕಳಿಸಿಕೊಡಬೇಕು.

"ಸರಿ ಅಕ್ಕಾ. ಆದ್ರೆ ಶುರುವಾಗದಿದ್ರೆ ಎಳೀಲೇಬೇಕಲ್ಲ?"

"ಬೆಳಿಗ್ಗೆ ಅದು ಒಂದು ಸಲ ಕೆಮ್ಮಿತಲ್ಲ, ಆಗ ಚೋಕ್ ಇಳಿಸಿದೆಯಾ?"

ಇಲ್ಲವೆಂದು ತಲೆಯಾಡಿಸಿದ.

ಅಡುಗೆಮನೆಯಿಂದಲೇ ನನಗೆ ಗೊತ್ತಾಗಿದ್ದು ಅದು. ತಣ್ಣಗಿರುವ ಇಂಜಿನ್ನಿಗೆ ಚೋಕ್ ಮುಚ್ಚಿ ಎಳೆಯಬೇಕು ನಿಜ, ಗಾಳಿ ಕಡಿಮೆಯಾಗಿ ಪೆಟ್ರೋಲು ಹೆಚ್ಚಿಗೆ ಹೋಗಲಿ ಎಂದು. ಒಂದು ಸಲ ಕೆಮ್ಮಿತೆಂದರೆ ಸಾಕಷ್ಟು ಹೋಗಿದೆ, ಇನ್ನು ಗಾಳಿ ಕೊಡು ಎಂದು ಅದು ಕೇಳುತ್ತಿದೆ. ಆಗಲೂ ಚೋಕ್ ಮುಚ್ಚಿಟ್ಟು ಎಳೆದರೆ ಒಳಗೆಲ್ಲ ಪೆಟ್ರೋಲು ತುಂಬಿ ಪ್ಲಗ್ಗು ಒದ್ದೆಯಾಗುತ್ತದೆ. ಒದ್ದೆ ಪ್ಲಗ್ಗಿನಲ್ಲಿ ಕಿಡಿ ಎಲ್ಲಿಂದ ಬರಬೇಕು? ಆಮೇಲೆ ಎಳೆದದ್ದೆಲ್ಲ ಹಗ್ಗದ ಆಯುಷ್ಯ ಕಡಿಮೆ ಮಾಡಿದ್ದಷ್ಟೇ. ಪ್ಲಗ್ಗು ಬಿಚ್ಚಿಸಿದೆ. ತೊಟ್ಟಿಕ್ಕುತ್ತಿತ್ತು. ಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಟ್ಟು, ಮುಚ್ಚಳ ಕೂರಿಸಿ, ಪ್ಲಗ್ಗಿಲ್ಲದೆಯೇ ಹೊಸ ಹಗ್ಗವನ್ನು ಐದಾರು ಸಲ ಎಳೆಸಿದೆ. ತೂತಿನಿಂದ ಪೆಟ್ರೋಲಿನ ಹಬೆ ಫುಸ್ ಫುಸ್ ಎಂದು ಹೊರಗೆ ಬಂತು.

ಪೆಟ್ರೋಲು ಯಾವಾಗಿನದೆಂದು ಕೇಳಿದರೆ ಮಳೆಗಾಲಕ್ಕೆ ಮುಂಚಿನದಂತೆ. ಈಗ ಬಂಕಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ, ಅದು ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಮಲೆನಾಡಿನ ಮಳೆಯಲ್ಲಿ ಮೂರು ತಿಂಗಳು ಟ್ಯಾಂಕಿನಲ್ಲಿಟ್ಟರೆ ಹೇಳುವುದೇ ಬೇಡ. ಎಲ್ಲ ಚೆಲ್ಲಿಸಿ, ನಮ್ಮ ಮನೆಯ ಡಬ್ಬಿಯಿಂದ ಹೊಸದು ಕೊಟ್ಟೆ. ಅವನದೂ ನಮ್ಮದೂ ಒಂದೇ ಲೆಕ್ಕದ ಮಿಷನ್ನು, ಲೀಟರಿಗೆ 20 ಮಿ.ಲೀ. 2ಟಿ ಆಯಿಲ್.

ಪ್ಲಗ್ಗು ಹಾಕಿ, ಕ್ಯಾಪು ಒತ್ತಿ, ಮಿಷನ್ನನ್ನು ಬೇಲಿಯಾಚೆಯ ಸಮನೆಲಕ್ಕೆ ಒಯ್ದ. ಎಡಗೈ ಒತ್ತಿ, ಮೆಲ್ಲಗೆ ತಡೆ ಸಿಗುವವರೆಗೆ ತಂದು, ನೇರವಾಗಿ ಎಳೆದ. ಒಂದು. ಎರಡು. ಎರಡನೆಯದಕ್ಕೆ ಕೆಮ್ಮಿತು. ಅವನು ಹಿಡಿಕೆ ಹಿಡಿದವನು ಅಲ್ಲೇ ನಿಂತು ನನ್ನ ಮುಖ ನೋಡಿದ. ನಾನು ಈಚೆಯಿಂದ ಹೆಬ್ಬೆರಳು ಕೆಳಗೆ ಮಾಡಿ ತೋರಿಸಿದೆ. ಚೋಕ್ ಇಳಿಸಿ ಎಳೆದ. ಆಮೇಲೆ ನಾವು ಆಡುವ ಮಾತು ಒಬ್ಬರಿಗೊಬ್ಬರಿಗೆ ಕೇಳಿಸುವಂತಿರಲಿಲ್ಲ.